ಗುಂಡಿ ಒತ್ತುವ ಮೊದಲು ಗುಡ್ಡೆ ಬೇರ್ಪಡಿಸಿ

ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಸೋಪು ತಿಕ್ಕುವುದು. ತಿಕ್ಕಿದ ಮರುಕ್ಷಣ ಹಳದಿ ಕಲೆ ಕೆಂಪಗಾಗುತ್ತದೆ. ಗಾಬರಿಯಾಗಿ ಇನ್ನಷ್ಟು ಸೋಪು ಹಚ್ಚಿದರೆ ಕೆಂಪು ಇನ್ನೂ ಗಾಢವಾಗುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್‌ಗೆ ಕ್ಷಾರ ತಾಗಿದರೆ ಬಣ್ಣ ತಿರುಗುವುದು ಸಹಜ. ಆರತಿಯ ಓಕುಳಿ ನೀರಿಗೆ ಅರಿಶಿನದ ಜೊತೆ ಸುಣ್ಣ ಕದಡಿದಾಗ ಆಗುವುದೂ ಇದೇ. ಚೆನ್ನಾಗಿ ಜಾಲಿಸಿದರೆ ಕೆಂಪು ಇಳಿದು ಮತ್ತೆ ಹಳದಿಯೇ ಉಳಿಯುತ್ತದೆ. ಆ ಹಳದಿಗೆ ಮದ್ದು ಬಿಸಿಲು. ಒದ್ದೆ ಅಂಗಿಯನ್ನು ನೇರ ಬಿಸಿಲಿಗೆ ಹರವಿದರೆ ಕರ್ಕ್ಯುಮಿನ್ ತಾನಾಗಿ ಒಡೆದು ಕಲೆ ಮಾಸುತ್ತದೆ.

ಕೊಳೆಗಳಿಗೆಲ್ಲ ಇಂಥ ಒಂದೊಂದು ಸ್ವಭಾವವಿದೆ. ರಕ್ತ, ಹಾಲು, ಮೊಟ್ಟೆಯ ಕಲೆಗಳು ಪ್ರೋಟೀನು. ಬಿಸಿನೀರು ತಾಗಿದರೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತವೆ. ಅವಕ್ಕೆ ಮೊದಲು ತಣ್ಣೀರೇ ಬೇಕು. ತುಪ್ಪ, ತಲೆಗೆ ಹಚ್ಚಿದ ಎಣ್ಣೆ, ಕಾಲರಿನ ಜಿಡ್ಡು ಬಿಡಲು ಬಿಸಿ ಬೇಕು. ಈಗಿನ ಮಷೀನು ಬಟ್ಟೆಯ ತೂಕ ಅಳೆದು ನೀರಿನ ಪ್ರಮಾಣ ನಿರ್ಧರಿಸಬಲ್ಲದು. ಆದರೆ ಒಳಗೆ ಬಿದ್ದದ್ದು ಮಗುವಿನ ಅಂಗಿಯೋ ಗ್ರೀಸು ಮೆತ್ತಿದ ಪ್ಯಾಂಟೋ ಎಂಬುದನ್ನು ಅದಕ್ಕೆ ತಿಳಿಸಬೇಕಾದವರು ಮನೆಯವರು. ತಿಳಿಸುವ ದಾರಿ ಎರಡೇ: ಬಟ್ಟೆಯನ್ನು ಬೇರ್ಪಡಿಸುವುದು ಮತ್ತು ಸರಿಯಾದ ಪ್ರೋಗ್ರಾಂ ಆರಿಸುವುದು.

ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಎಂಬ ತಜ್ಞ 1959ರಲ್ಲಿ ಒಗೆತದ ಲೆಕ್ಕವನ್ನು ನಾಲ್ಕು ಅಂಶಗಳಲ್ಲಿ ಹೇಳಿದ: ರಾಸಾಯನಿಕ, ಶಾಖ, ಸಮಯ, ತಿಕ್ಕಾಟ. ಒಂದನ್ನು ಕಡಿಮೆ ಮಾಡಿದರೆ ಉಳಿದವು ಆ ಕೊರತೆಯನ್ನು ತುಂಬಬೇಕು. ಕರ್ನಾಟಕದ ಮಡಿವಾಳರ ಕಸುಬಿನಲ್ಲಿ ಈ ನಾಲ್ಕೂ ಎಷ್ಟೋ ಕಾಲದಿಂದ ಇದ್ದವು. ಚೌಳು ಮಣ್ಣಿನ ಕ್ಷಾರ, ಉಬ್ಬೆಯ ಹಬೆ, ನೆನೆಯಲು ಬಿಡುವ ಹೊತ್ತು, ಕೊನೆಗೆ ಬಂಡೆಯ ಮೇಲಿನ ಸೆಳೆತ. ಯಾವ ಬಟ್ಟೆಗೆ ಯಾವುದು ಎಷ್ಟು ಎಂಬ ತಿಳಿವಳಿಕೆಯೇ ಆ ಕಸುಬಿನ ಜೀವಾಳ. ಅದಕ್ಕೆ ಸಿಗಬೇಕಾದ ಗೌರವ ಇಂದಿಗೂ ಪೂರ್ತಿ ಸಿಕ್ಕಿಲ್ಲ.

ಸಿನ್ನರ್ ಲೆಕ್ಕವನ್ನು ಹಿಡಿದು ನೋಡಿದರೆ ಮಷೀನಿನ ಗುಂಡಿಗಳು ತಾವಾಗಿ ಅರ್ಥವಾಗುತ್ತವೆ. 15 ನಿಮಿಷದ ‘ಕ್ವಿಕ್’ ಪ್ರೋಗ್ರಾಂ ಸಮಯವನ್ನು ಕತ್ತರಿಸುತ್ತದೆ. ಹಾಗಾಗಿ ಅದು ಒಮ್ಮೆ ಉಟ್ಟು ಬೆವರು ತಾಗಿದ ಎರಡು ಮೂರು ಬಟ್ಟೆಗಳಿಗೆ ಸಾಕು, ವಾರದ ಕೊಳೆಗೆ ಸಾಲದು. ‘ಇಕೋ’ ಎಂಬುದು ಶಾಖ ತಗ್ಗಿಸಿ ಸಮಯ ಹಿಗ್ಗಿಸುತ್ತದೆ. ಎರಡು ಮೂರು ಗಂಟೆ ಓಡುವ ಪ್ರೋಗ್ರಾಂ ಹೆಚ್ಚು ಕರೆಂಟು ತಿನ್ನುತ್ತದೆ ಎಂದು ಹಲವರು ಅದನ್ನು ಮುಟ್ಟುವುದಿಲ್ಲ. ಬಿಸಿನೀರಿನ ಒಗೆತದಲ್ಲಿ ವಿದ್ಯುತ್ತಿನ ದೊಡ್ಡ ಪಾಲು ಹೋಗುವುದು ನೀರು ಕಾಯಿಸುವುದಕ್ಕೇ ಹೊರತು ಡ್ರಮ್ ತಿರುಗಿಸುವುದಕ್ಕಲ್ಲ. ಹೀಗಾಗಿ ಉದ್ದದ ಇಕೋ ಪ್ರೋಗ್ರಾಮಿಗೇ ಸಾಮಾನ್ಯವಾಗಿ ಕಡಿಮೆ ಕರೆಂಟು ಸಾಕು. ಹೀಟರ್ ಇಲ್ಲದ ಟಾಪ್ ಲೋಡ್ ಮಷೀನುಗಳಲ್ಲಿ ಶಾಖದ ಆಯ್ಕೆಯೇ ಇಲ್ಲ. ಅಲ್ಲಿ ನೆನೆಹಾಕುವ ‘ಸೋಕ್’ ಗುಂಡಿಯೇ ಆಸರೆ.

‘ಕಾಟನ್’ ಎಂದರೆ ಹೆಚ್ಚು ಹೊತ್ತು, ಜೋರು ಹೊರಳಾಟ, ವೇಗದ ಹಿಂಡುವಿಕೆ. ಪಂಚೆ, ಟವೆಲ್, ಹಾಸಿಗೆ ಬಟ್ಟೆಗೆ ಅದೇ ಸರಿ. ಹಾಸಿಗೆಯಲ್ಲಿ ಸೇರಿಕೊಳ್ಳುವ ಧೂಳಿನ ಹುಳುಗಳು 60 ಡಿಗ್ರಿಯಲ್ಲಿ ಸಾಯುತ್ತವೆ. ಅಲರ್ಜಿ, ಉಬ್ಬಸ ಇರುವವರ ಮನೆಯಲ್ಲಿ ಹಾಸು ಹೊದಿಕೆಗಳಿಗೆ ಈ ಶಾಖ ಬೇಕೇ ಬೇಕು. ದಿನಬಳಕೆಯ ಬಟ್ಟೆಗೆ 30ರಿಂದ 40 ಡಿಗ್ರಿ ಸಾಕು; ಡಿಟರ್ಜೆಂಟಿನಲ್ಲಿರುವ ಕಿಣ್ವಗಳೂ ಈ ಶಾಖದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ‘ಸಿಂಥೆಟಿಕ್’ ಪ್ರೋಗ್ರಾಂ ನೀರನ್ನು ಅಷ್ಟು ಕಾಯಿಸುವುದಿಲ್ಲ, ಅಷ್ಟು ವೇಗವಾಗಿ ಹಿಂಡುವುದೂ ಇಲ್ಲ. ಬಿಸಿಯಾದ ಪಾಲಿಯೆಸ್ಟರ್ ಬಟ್ಟೆಯನ್ನು ರಭಸದಿಂದ ಹಿಂಡಿದರೆ ಸುಕ್ಕು ಹಾಗೇ ನಿಂತುಬಿಡುತ್ತದೆ.

ರೇಷ್ಮೆಯ ಮಾತು ಬೇರೆ. ರೇಷ್ಮೆ ನೂಲು ಸ್ವತಃ ಪ್ರೋಟೀನು. ಹಾಲಿನ ಕಲೆ ಜೀರ್ಣಿಸಲೆಂದು ಪುಡಿಗೆ ಸೇರಿಸಿದ ಪ್ರೋಟಿಯೇಸ್ ಕಿಣ್ವ, ಕಲೆ ಯಾವುದು ನೂಲು ಯಾವುದು ಎಂದು ನೋಡದೆ ಎರಡನ್ನೂ ಕೊರೆಯುತ್ತದೆ. ಉಣ್ಣೆಗೂ ಇದೇ ಅಪಾಯ. ಜರಿಯಂಚಿನ ಮೈಸೂರು ರೇಷ್ಮೆ ಸೀರೆಯನ್ನು ಯಾವ ಪ್ರೋಗ್ರಾಮಿನಲ್ಲೂ ಮಷೀನಿಗೆ ಹಾಕಬಾರದು, ‘ಡೆಲಿಕೇಟ್’ನಲ್ಲೂ. ಜರಿಯಿಲ್ಲದ ರೇಷ್ಮೆಗೆ ಅಂಟುವಾಳ ಕಾಯಿಯ ನೊರೆಯನ್ನು ಹಿರಿಯರು ಆರಿಸಿಕೊಂಡದ್ದು ಬಹಳ ವಿವೇಕದ ಕೆಲಸ.

ಬಿಳಿ ಒಂದು ಕಡೆ, ಬಣ್ಣದ್ದು ಇನ್ನೊಂದು ಕಡೆ ಎಂಬ ವಿಂಗಡಣೆ ಎಲ್ಲ ಮನೆಗಳಲ್ಲೂ ಇದೆ. ಅಷ್ಟಕ್ಕೇ ನಿಲ್ಲಿಸುವುದರಿಂದಲೇ ಅರ್ಧ ತೊಂದರೆ. ಟವೆಲ್ಲಿನ ಜೊತೆ ಕಪ್ಪು ಪ್ಯಾಂಟು ಹಾಕಿದರೆ ಟವೆಲ್ಲಿನ ಜುಂಗೆಲ್ಲ ಪ್ಯಾಂಟಿಗೆ ಹತ್ತುತ್ತದೆ. ಜೀನ್ಸಿನ ಜಿಪ್ಪು ದುಪಟ್ಟಾದ ಎಳೆ ಕೀಳುತ್ತದೆ. ಮಗ ಆಟದ ಮೈದಾನದಿಂದ ತಂದ ಕೆಮ್ಮಣ್ಣಿನ ಕಾಲುಚೀಲ, ಮಗಳ ಬಿಳಿ ಸಮವಸ್ತ್ರ ಒಟ್ಟಿಗೆ ಸುತ್ತಿದರೆ ಒಂದರ ಕೊಳೆ ನೀರಿಗೆ ಬಂದು ಇನ್ನೊಂದರ ಮೇಲೆ ಕೂರುತ್ತದೆ. ಬಿಳಿ ಬಟ್ಟೆ ಬರಬರುತ್ತ ಬೂದಿ ಬಣ್ಣಕ್ಕೆ ತಿರುಗುವ ಒಂದು ಕಾರಣ ಇದು. ಆದ್ದರಿಂದ ಬಣ್ಣದ ನಂತರ ಕೊಳೆಯ ಪ್ರಮಾಣ, ಅದರ ನಂತರ ಬಟ್ಟೆಯ ದಪ್ಪ ನೋಡಬೇಕು. ದಪ್ಪ, ತೆಳು ಬಟ್ಟೆಗಳು ಬೆರೆತರೆ ತೆಳು ಬಟ್ಟೆ ಸವೆಯುತ್ತದೆ, ದಪ್ಪ ಬಟ್ಟೆ ಸರಿಯಾಗಿ ಒಣಗದೆ ಬರುತ್ತದೆ.

ಹೊಸ ಕೈಮಗ್ಗದ ಬಟ್ಟೆ ಬಣ್ಣ ಬಿಡುತ್ತದೆಯೇ ಎಂದು ತಿಳಿಯುವುದು ಸುಲಭ. ಒಳಅಂಚಿನ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿದರೆ ಉತ್ತರ ಸಿಗುತ್ತದೆ. ಬಣ್ಣ ಹತ್ತಿದರೆ ಮೊದಲ ಕೆಲವು ಒಗೆತ ಬೇರೆಯಾಗಿ, ತಣ್ಣೀರಿನಲ್ಲೇ ಆಗಬೇಕು.

ಇನ್ನು ನೀರು. ಬೆಂಗಳೂರಿನ ಒಂದೇ ಬಡಾವಣೆಯಲ್ಲಿ ಒಂದು ಮನೆಗೆ ಕಾವೇರಿ, ಪಕ್ಕದ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾಗಿದ್ದರೆ ಅವು ಡಿಟರ್ಜೆಂಟಿನ ಒಂದಷ್ಟು ಪಾಲನ್ನು ಹಿಡಿದಿಟ್ಟು ಕೊಳೆಯ ತನಕ ಹೋಗಗೊಡುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಇಲ್ಲದಿದ್ದರೆ 600ರವರೆಗೂ ಒಪ್ಪಬಹುದು. ಈ ಎರಡು ಅಂಚಿನ ಮನೆಗಳಿಗೆ ಪುಡಿಯ ಅಳತೆ ಒಂದೇ ಆಗಲು ಸಾಧ್ಯವಿಲ್ಲ. ಗಡಸು ನೀರಿಗೆ ತುಸು ಹೆಚ್ಚು ಬೇಕು. ಮೆದು ನೀರಿಗೆ ಅಷ್ಟೇ ಸುರಿದರೆ ನೊರೆ ಉಕ್ಕಿ ಬಟ್ಟೆಗಳ ನಡುವೆ ಮೆತ್ತೆಯಂತೆ ನಿಲ್ಲುತ್ತದೆ. ಆಗ ತಿಕ್ಕಾಟವೇ ಆಗುವುದಿಲ್ಲ, ಉಳಿದ ಸೋಪು ಎಳೆಗಳಲ್ಲಿ ಕೂತು ಟವೆಲ್ ಒರಟಾಗುತ್ತದೆ. ಅದನ್ನು ಮೆದುಗೊಳಿಸಲೆಂದು ಸಾಫ್ಟ್‌ನರ್ ಹಾಕಿದರೆ ಟವೆಲ್ ನೀರು ಹೀರುವುದನ್ನೇ ಕಡಿಮೆ ಮಾಡುತ್ತದೆ.

7 ಕಿಲೋ ಮಷೀನು ಎಂದರೆ ಕಾಟನ್ ಪ್ರೋಗ್ರಾಮಿನಲ್ಲಿ 7 ಕಿಲೋ ಒಣ ಬಟ್ಟೆ. ಸಿಂಥೆಟಿಕ್‌ಗೆ ಅದರ ಅರ್ಧದಷ್ಟು, ಕ್ವಿಕ್‌ಗೆ ಇನ್ನೂ ಕಡಿಮೆ. ಫ್ರಂಟ್ ಲೋಡ್ ಡ್ರಮ್ಮಿನಲ್ಲಿ ಬಟ್ಟೆ ಮೇಲೇರಿ ಬೀಳುವುದರಿಂದಲೇ ಕೊಳೆ ಬಿಡುವುದು. ಬೀಳಲು ಜಾಗವಿಲ್ಲದಂತೆ ತುರುಕಿದರೆ ಬಟ್ಟೆ ಬರೀ ಒದ್ದೆಯಾಗಿ ಹೊರಬರುತ್ತದೆ. ಮೇಲ್ಗಡೆ ಒಂದು ಅಂಗೈ ಆಡುವಷ್ಟು ಜಾಗ ಉಳಿಯಬೇಕು. ಒಗೆದಾದ ಮೇಲೆ ಬಾಗಿಲು ಸ್ವಲ್ಪ ತೆರೆದಿಟ್ಟರೆ ರಬ್ಬರಿನಲ್ಲಿ ಬೂಷ್ಟು ಕಟ್ಟುವುದಿಲ್ಲ, ಮುಗ್ಗಲು ವಾಸನೆಯೂ ಇರುವುದಿಲ್ಲ.

ಅನುಮಾನ ಬಂದಾಗ ಕೇಳಬೇಕಾದದ್ದು ಬಟ್ಟೆಯ ಒಳಗಿನ ಚೀಟಿಯನ್ನೇ. ನೀರಿನ ತೊಟ್ಟಿಯ ಚಿತ್ರದೊಳಗಿನ ಅಂಕಿ ಗರಿಷ್ಠ ಶಾಖ. ತೊಟ್ಟಿಯ ಕೆಳಗೆ ಒಂದು ಗೆರೆ ಇದ್ದರೆ ಮೃದುವಾಗಿ, ಎರಡಿದ್ದರೆ ಇನ್ನೂ ಮೃದುವಾಗಿ ಒಗೆಯಬೇಕು. ತೊಟ್ಟಿಯಲ್ಲಿ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು, ತೊಟ್ಟಿಗೆ ಅಡ್ಡಗೀಟು ಬಿದ್ದಿದ್ದರೆ ನೀರಿಗೇ ಹಾಕಬಾರದು. ತ್ರಿಕೋನ ಬ್ಲೀಚಿನ ಗುರುತು. ಚೀಟಿ ಕುತ್ತಿಗೆಗೆ ಚುಚ್ಚುತ್ತದೆಂದು ಹೊಸ ಅಂಗಿಯಿಂದ ಕತ್ತರಿಸುವವರು ಕತ್ತರಿಸುವ ಮುನ್ನ ಫೋನಿನಲ್ಲಿ ಅದರದೊಂದು ಫೋಟೋ ತೆಗೆದಿಟ್ಟುಕೊಳ್ಳಲಿ.