ಷೇರು ಸಂಶೋಧನೆಯ ನೌಕರಿಗೆ ಹೊರಟ ಮಗ

ನಮ್ಮ ಆಪ್ತ ಕುಟುಂಬವೊಂದರ ಹುಡುಗನು ಎಂ.ಬಿ.ಎ. ಮುಗಿಸಿ, ಮುಂಬಯಿಯ ಷೇರು ದಲ್ಲಾಳಿ ಸಂಸ್ಥೆಯೊಂದರ ಈಕ್ವಿಟಿ ರಿಸರ್ಚ್ ವಿಭಾಗಕ್ಕೆ ನೇಮಕಗೊಂಡಿದ್ದಾನೆ. ಸೇರಲು ಎರಡು ತಿಂಗಳ ಅವಧಿಯಿದೆ. ಅವನ ತಾಯಿಯವರು ಬಂದು, “ಷೇರು ಅಂದ್ರ ಜೂಜಲ್ಲೇನ್ರೀ, ಶಾಸ್ತ್ರಿಗಳೇ? ಮಗನ್ನ ಕಳಸೂದು ಹೌದೋ ಅಲ್ಲೋ?” ಎಂದು ಕೇಳಿದರು. ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಕೇಳಿ, ಅಷ್ಟಿಷ್ಟು ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ. ಇಂತಹ ನೌಕರಿಗೆ ಹೊರಟ ಮಕ್ಕಳು ಈಗ ಅನೇಕ ಮನೆಗಳಲ್ಲಿದ್ದಾರಷ್ಟೆ.

ಈ ಕೆಲಸದವನು ಷೇರು ಆಡುವವನಲ್ಲ, ಕಂಪನಿಗಳ ಲೆಕ್ಕವನ್ನು ಓದುವವನು. ಓದಿ, ತೂಗಿ, ಆ ಷೇರನ್ನು ಕೊಳ್ಳಬಹುದೇ, ಇಟ್ಟುಕೊಳ್ಳಬಹುದೇ, ಮಾರಬೇಕೇ ಎಂದು ಕಾರಣಸಹಿತ ವರದಿ ಬರೆಯುತ್ತಾನೆ. ಓಲೆಗರಿಗಳ ನಡುವೆ ಬೆಳೆದ ನನಗೆ ‘ಸಂಶೋಧನೆ’ ಎಂಬ ಮಾತು ಇಲ್ಲಿ ಬಳಕೆಯಾಗಿರುವುದು ಮೊದಲು ವಿಚಿತ್ರವೆನಿಸಿತ್ತು. ಈಗ ಹಾಗೆನಿಸುವುದಿಲ್ಲ.

ಒಂದು ಗ್ರಂಥದ ಹಲವು ಪ್ರತಿಗಳನ್ನು ಸಾಲಿಗೆ ಸಾಲು ಹೋಲಿಸಿದಾಗಲೇ ಪ್ರಕ್ಷಿಪ್ತವಾವುದೆಂದು ಗೊತ್ತಾಗುವುದು. ಅದರಂತೆಯೇ, ಒಂದೇ ಕಂಪನಿಯ ಹತ್ತು ವರ್ಷಗಳ ವಾರ್ಷಿಕ ವರದಿಗಳನ್ನು ಈ ಎರಡು ತಿಂಗಳಲ್ಲಿ ಓದಿ ಹೋಲಿಸೆಂದು ಹುಡುಗನಿಗೆ ಹೇಳಿದೆ. ಅಧ್ಯಕ್ಷರ ಭಾಷಣದಿಂದಲ್ಲ, ಹಿಂಬದಿಯ ಟಿಪ್ಪಣಿಗಳಿಂದ ಓದು ತೊಡಗಬೇಕು. ಉದಾಹರಣೆಗೆ, ಒಂದು ಕಂಪನಿಯ ಮಾರಾಟ 100 ಕೋಟಿ, ಗಿರಾಕಿಗಳಿಂದ ಬರಬೇಕಾದ ಬಾಕಿ 25 ಕೋಟಿ ಎಂದುಕೊಳ್ಳೋಣ. ಎಂದರೆ ಸುಮಾರು 91 ದಿನಗಳ ಉದ್ದರಿ. ಮರುವರ್ಷ ಮಾರಾಟ 120 ಕೋಟಿಗೇರಿತು, ಬಾಕಿ 45 ಕೋಟಿಯಾಯಿತು. ಲಾಭ ಹೆಚ್ಚಿದೆಯೆಂದು ಪತ್ರಿಕೆಗಳು ಬರೆದಾವು. ಆದರೆ ಉದ್ದರಿ 137 ದಿನಕ್ಕೆ ಹೋಗಿದೆ. ಲಾಭವು ಪುಸ್ತಕದಲ್ಲಿದೆ, ಪೆಟ್ಟಿಗೆಗೆ ಬಂದಿಲ್ಲ. ನಮ್ಮ ಕಿರಾಣಿ ಅಂಗಡಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ!

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಪ್ರಕರಣವನ್ನು ಅವನು ಆಮೂಲಾಗ್ರವಾಗಿ ಓದಬೇಕು. ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಗಳ ನಗದು ಹಾಗೂ ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಅಧ್ಯಕ್ಷ ರಾಮಲಿಂಗರಾಜು ಅವರು 2009ರ ಜನವರಿ 7ರಂದು ಪತ್ರ ಬರೆದು ಒಪ್ಪಿಕೊಂಡರು. ಲೆಕ್ಕಪರಿಶೋಧಕರೇ ಸಹಿ ಮಾಡಿದ್ದ ಲೆಕ್ಕವದು. ಹೊರಗಿನ ವಿಶ್ಲೇಷಕನನ್ನು ಪೂರ್ತಿ ದೂಷಿಸಲಾಗದು. ಆದರೂ ಮೂರು ವಾರ ಮೊದಲು, 2008ರ ಡಿಸೆಂಬರಿನಲ್ಲಿ, ಆ ಕಂಪನಿಯು ಅಧ್ಯಕ್ಷರ ಕುಟುಂಬದವರ ಎರಡು ಮೇಟಾಸ್ ಸಂಸ್ಥೆಗಳನ್ನು 160 ಕೋಟಿ ಡಾಲರಿಗೆ ಕೊಳ್ಳಹೊರಟು, ಹೂಡಿಕೆದಾರರ ಪ್ರತಿಭಟನೆಯಿಂದ ಹಿಂದೆ ಸರಿದಿತ್ತು. ಸಾಫ್ಟ್‌ವೇರ್ ಕಂಪನಿಯ ಹಣವು ಮನೆಯವರ ಕಟ್ಟಡ ವ್ಯವಹಾರಕ್ಕೇಕೆ ಎಂದು ಕೇಳಲು ಯಾವ ಗುಟ್ಟಿನ ಮಾಹಿತಿಯೂ ಬೇಕಿರಲಿಲ್ಲ.

ಎಕ್ಸೆಲ್ಲಿನಲ್ಲಿ ಕೈ ಪಳಗಬೇಕು, ಎನ್.ಐ.ಎಸ್.ಎಂ. ಸಂಸ್ಥೆಯ ರಿಸರ್ಚ್ ಅನಲಿಸ್ಟ್ ಪರೀಕ್ಷೆಯನ್ನು ಪಾಸು ಮಾಡಬೇಕು. ಇವು ಶ್ರಮದಿಂದ ಬರುವಂತಹವು. ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್ ತಿಂಗಳುಗಳ ನಡುವಿನಿಂದ ಕೆಲವು ವಾರ ತ್ರೈಮಾಸಿಕ ಫಲಿತಾಂಶಗಳ ಸುಗ್ಗಿ. ಆಗ ರಾತ್ರಿ ಬರೆದುದನ್ನು ಬೆಳಿಗ್ಗೆ 9.15ಕ್ಕೆ ಪೇಟೆ ತೆರೆಯುವ ಮೊದಲೇ ಒಪ್ಪಿಸಬೇಕಾಗುತ್ತದೆ. ಆ ದಿನಗಳಲ್ಲಿ ಮಗ ಫೋನು ಎತ್ತಲಿಲ್ಲವೆಂದು ತಾಯಂದಿರು ಕಳವಳಪಡಬಾರದು.

ಇನ್ನು ಮನೆಯವರ ಸಿದ್ಧತೆ. ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಹುಡುಗನು ದೀಪಾವಳಿಗೆ ಊರಿಗೆ ಬಂದೊಡನೆ ಸೋದರಮಾವ, ಬೀಗರು, ಪಕ್ಕದ ಮನೆಯವರು “ಯಾವ ಷೇರು ಏರ್ತೈತಿ, ನಮಗಷ್ಟ ಹೇಳಪಾ” ಎನ್ನುವರು. ಪ್ರೀತಿಯ ಮಾತೇ, ಅನುಮಾನವಿಲ್ಲ. ಆದರೆ ಸೆಬಿಯ 2014ರ ನಿಯಮಾವಳಿಯಂತೆ, ವಿಶ್ಲೇಷಕನು ತಾನು ಬರೆಯುವ ಕಂಪನಿಯ ಷೇರನ್ನು ವರದಿ ಪ್ರಕಟವಾಗುವ 30 ದಿನ ಮೊದಲು ಹಾಗೂ 5 ದಿನ ಅನಂತರ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಸಂಬಂಧಿಕರಿಗೆ ಆ ಕಂಪನಿಯಲ್ಲಿ ಹಣದ ಹಿತವಿದ್ದರೆ ಅದನ್ನು ವರದಿಯಲ್ಲಿಯೇ ತಿಳಿಸಬೇಕು. ಬಹಿರಂಗವಾಗದ ಸುದ್ದಿಯನ್ನು ಕೇಳಿ ಮನೆಯವರು ವ್ಯವಹರಿಸಿದರೆ ಒಳವ್ಯಾಪಾರದ ಕಾನೂನು ಅವರನ್ನೂ ಬಿಡದು. ತಂದೆಯವರ ಹೆಸರಿನಲ್ಲಿರುವ ನೂರು ಷೇರುಗಳೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ.

ತಾಯಿಯವರು ಇದನ್ನೆಲ್ಲ ಕೇಳಿ, ಯಜಮಾನರ ಬಳಿ ಎರಡು ಕಂಪನಿಗಳ ಹಳೆಯ ಷೇರುಗಳಿವೆಯೆಂದು ತಿಳಿಸಿದರು. ಅವುಗಳ ಪಟ್ಟಿಯನ್ನು ಬರೆದು, ಮಗನು ರೈಲು ಹತ್ತುವ ಮೊದಲೇ ಅವನ ಕೈಗೆ ಕೊಡಿರೆಂದು ಹೇಳಿ ಕಳುಹಿಸಿದ್ದೇನೆ.