ತಂತಿಯಲ್ಲಿ ಹರಿದ ರೇಡಿಯೋ

ಪ್ರಶ್ನೆ: ಕೋಲಾರದ ಕಡೆ ಒಂದು ಹಳ್ಳಿಯಲ್ಲಿ ಏರಿಯಲ್ ಇಲ್ಲದೆಯೇ ರೇಡಿಯೋ ನಡೆಸುತ್ತಿದ್ದರಂತೆ. ಅದು ಹೇಗೆ ಸಾಧ್ಯ?

ಉತ್ತರ: ನೀವು ಕೇಳುತ್ತಿರುವುದು ಬೂದಿಕೋಟೆಯ ‘ನಮ್ಮ ಧ್ವನಿ’ಯ ಕಥೆ. ಹೈದರ್ ಅಲಿ ಹುಟ್ಟಿದ ಊರೆಂದು ಹೆಸರಾದ ಬಂಗಾರಪೇಟೆ ತಾಲ್ಲೂಕಿನ ಈ ಹಳ್ಳಿಯಲ್ಲಿ ಅದು ಶುರುವಾದದ್ದು 2000ದ ದಶಕದ ಆರಂಭದಲ್ಲಿ. ಮೈರಾಡ, ವಾಯ್ಸಸ್ ಎಂಬ ಸ್ವಯಂಸೇವಾ ಸಂಸ್ಥೆಗಳೂ ಯುನೆಸ್ಕೊ ಕೂಡ ಬೆನ್ನಿಗಿದ್ದವು.

ರೇಡಿಯೋ ತರಂಗಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಹಳ್ಳಿಯವರಿಗೆ ಪ್ರಸಾರದ ಪರವಾನಗಿ ಸಿಗುತ್ತಿರಲಿಲ್ಲ. ಹಾಗೆಂದು ಬೂದಿಕೋಟೆಯವರು ಕೈಕಟ್ಟಿ ಕೂರಲಿಲ್ಲ. ಮೊದಲು ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿಗೆ ತುಂಬಿ ಸ್ವಸಹಾಯ ಸಂಘದ ಹೆಂಗಸರ ಸಭೆಗಳಲ್ಲಿ ಕೇಳಿಸಿದರು. ಆಮೇಲೆ ಟಿ.ವಿ.ಗೆಂದು ಊರಲ್ಲಿ ಎಳೆದಿದ್ದ ಕೇಬಲ್ಲಿನಲ್ಲೇ ದನಿಯನ್ನು ಮನೆಮನೆಗೆ ಹರಿಸಿದರು. ತರಂಗಕ್ಕೆ ಪರವಾನಗಿ ಬೇಕಿತ್ತು, ತಂತಿಗೆ ಆ ಅಡ್ಡಿ ಇರಲಿಲ್ಲ. ಇಷ್ಟೇ ಗುಟ್ಟು.

ಬೇಸಾಯ, ಆರೋಗ್ಯ, ಉಳಿತಾಯದ ಮಾತು, ಊರಿನವರದೇ ಹಾಡು, ಎಲ್ಲವನ್ನೂ ಅಲ್ಲಿನವರೇ ತಮ್ಮ ಆಡುಮಾತಿನಲ್ಲಿ ಧ್ವನಿಮುದ್ರಿಸಿದರು. ನನಗೆ ಇದೇ ದೊಡ್ಡದು. ಅಲ್ಲಿಯವರೆಗೆ ರೇಡಿಯೋ ಎಂದರೆ ದೂರದವರು ಆಡಿದ್ದನ್ನು ಕೇಳುವುದಷ್ಟೇ ಆಗಿತ್ತು.

2006ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿ, ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅವಕಾಶ ಕೊಟ್ಟಿತು. ನಿಮ್ಮ ಊರಿನ ಹತ್ತಿರವೂ ಅಂಥದ್ದೊಂದು ಕೇಂದ್ರವಿದ್ದರೆ ಒಮ್ಮೆ ಹೋಗಿ ಬನ್ನಿ, ಸಾಧ್ಯವಾದರೆ ಮೈಕಿನ ಮುಂದೆ ಕೂತು ನಾಲ್ಕು ಮಾತಾಡಿ.