ಬೂಮಿಗೊಂದು ಮೂಗುದಾರ

"ಗಾಳಿ ಬಂದಾಗ ತೂರಿಕೋ" ಎಂಬ ಗಾದೆ ನಮಗೆಲ್ಲ ಗೊತ್ತು. ಗೋಥೆನ್‌ಬರ್ಗಿಗೆ ಬಂದು, ಬೇಸಿಗೆಯಲ್ಲಿ ಸಹೋದ್ಯೋಗಿಯ ಹಾಯಿದೋಣಿ ಹತ್ತಿ ಬ್ರೆನ್ನೊ, ಸ್ಟಿರ್ಸೊ ದ್ವೀಪಗಳನ್ನು ಸುತ್ತಲು ಶುರುಮಾಡಿದ ಮೇಲೆ ನಾನು ಕಲಿತದ್ದು, ಗಾಳಿ ಯಾವ ಕಡೆಯಿಂದ ಬಂತು ಎಂದು ನೋಡದೆ ತೂರುವಂತಿಲ್ಲ! ನಮ್ಮಲ್ಲಿ ಹಲವು ಕುಟುಂಬಗಳಿಗೆ ಇಂಥ ವಿಹಾರದ ಆಹ್ವಾನ ಬರುತ್ತಿರುತ್ತದೆ. ಅದಕ್ಕೇ ಈ ನಾಲ್ಕು ಮಾತು.

ದೊಡ್ಡ ಹಾಯಿಯ ತಳವನ್ನು ಹಿಡಿದಿರುವ, ಕೂವೆಮರಕ್ಕೆ ಅಡ್ಡಲಾಗಿ ಜೋಡಿಸಿದ ಉದ್ದನೆಯ ಕಂಬಕ್ಕೆ ಬೂಮ್ ಎನ್ನುತ್ತಾರೆ. ಬಾಗಿಲಿನ ಹಾಗೆ ಅದು ಎಡಕ್ಕೂ ಬಲಕ್ಕೂ ತಿರುಗುತ್ತದೆ. ಎದುರುಗಾಳಿಯಲ್ಲಿ ದೋಣಿ ವಾಲುತ್ತದೆ, ನೀರು ಎರಚುತ್ತದೆ, ಹೊಸಬರಿಗೆ ಜೀವ ಬಾಯಿಗೆ ಬರುತ್ತದೆ. ಗಾಳಿ ಬೆನ್ನಿಗೆ ಬಂದಾಗ ಎಲ್ಲವೂ ಶಾಂತ. ಚಿತ್ರಾನ್ನದ ಡಬ್ಬಿ ಬಿಚ್ಚೋಣ ಅನ್ನಿಸುತ್ತದೆ. ನಿಜವಾದ ಅಪಾಯ ಇರುವುದು ಆಗಲೇ. ಒಂದು ಅಲೆ ದೋಣಿಯನ್ನು ಸ್ವಲ್ಪ ತಿರುಗಿಸಿದರೆ ಸಾಕು, ಗಾಳಿ ಹಾಯಿಯ ಇನ್ನೊಂದು ಮಗ್ಗುಲಿಗೆ ಹೊಕ್ಕು, ಮಳೆಗಾಳಿಗೆ ಬಾಗಿಲು ಧಡಾರನೆ ಬಡಿದಂತೆ ಬೂಮ್ ಆಚೆ ಬದಿಗೆ ಬೀಸುತ್ತದೆ. ಇದೇ ಜೈಬ್, ಸ್ವೀಡಿಷರ ಬಾಯಲ್ಲಿ "ಯಿಪ್". ಬೇಕೆಂದು ಮಾಡಿದರೆ ಅದು ದಿನನಿತ್ಯದ ಕೆಲಸ. ತಾನಾಗಿ ಆದರೆ ತಲೆ ಒಡೆಯಬಹುದು.

ನುರಿತವರಿಗೂ ಇದು ತಪ್ಪಿದ್ದಲ್ಲ. ವೋಲ್ವೊ ಓಷನ್ ರೇಸ್‌ನ ದೋಣಿಗಳು 2018ರ ಜೂನ್‌ನಲ್ಲಿ ನಮ್ಮೂರಿಗೆ ಬಂದಾಗ ಅವುಗಳಲ್ಲಿ ಸ್ಕ್ಯಾಲಿವ್ಯಾಗ್ ಕೂಡ ಇತ್ತು. ಅದೇ ಮಾರ್ಚ್ 26ರಂದು, ಕೇಪ್ ಹಾರ್ನ್‌ಗೆ ಸುಮಾರು 1,400 ಮೈಲಿ ಪಶ್ಚಿಮದಲ್ಲಿ, ಆ ದೋಣಿ ಅಲೆಯಿಂದ ಜಾರಿ ಅನಿರೀಕ್ಷಿತವಾಗಿ ಜೈಬ್ ಆಯಿತು. ಬೂಮನ್ನು ಹಿಡಿದಿಡುವ ಹಗ್ಗದ ವ್ಯವಸ್ಥೆ ಬಡಿದು ಜಾನ್ ಫಿಶರ್ ಸಮುದ್ರಕ್ಕೆ ಬಿದ್ದರು. ಅವರು ಮತ್ತೆ ಸಿಗಲಿಲ್ಲ.

ಇದನ್ನು ತಡೆಯುವ ಹಗ್ಗಕ್ಕೆ ಪ್ರಿವೆಂಟರ್ ಎಂದು ಹೆಸರು. ನಾನು ಅದನ್ನು ಬೂಮಿನ ಮೂಗುದಾರ ಎನ್ನುತ್ತೇನೆ! ಬೂಮಿನ ಹಿಂತುದಿಯಿಂದ ಹೊರಟ ಹಗ್ಗ, ಕೂವೆಮರವನ್ನು ಹಿಡಿದ ತಂತಿಗಳ ಹೊರಗಿನಿಂದ ದೋಣಿಯ ಮೂತಿಗೆ ಹೋಗಿ, ಅಲ್ಲಿ ರಾಟೆಯೊಂದನ್ನು ಸುತ್ತಿ, ಚುಕ್ಕಾಣಿಯವನ ಬಳಿಗೆ ಮರಳಬೇಕು. ಬೂಮಿನ ನಡುವಿಗೆ ಕಟ್ಟುವುದು ಸುಲಭ, ಆದರೆ ಆಗ ಹಗ್ಗದ ಮೇಲೆ ಹೆಚ್ಚು ಭಾರ ಬೀಳುತ್ತದೆ, ಬೂಮೇ ಮುರಿಯಬಹುದು. ಹಾಯಿ ಬಿಚ್ಚಿದ ಮೇಲೆ ಬೂಮಿನ ತುದಿ ನೀರಿನ ಮೇಲಿರುತ್ತದೆ, ಕೈಗೆ ಸಿಗುವುದಿಲ್ಲ. ಆದ್ದರಿಂದ ತುದಿಗೆ ಮೊದಲೇ ಒಂದು ತುಂಡು ಹಗ್ಗ ಕಟ್ಟಿ, ಅದರ ಇನ್ನೊಂದು ಕೊನೆಯನ್ನು ಕೂವೆಮರದ ಹತ್ತಿರ ಸಿಕ್ಕಿಸಿಟ್ಟುಕೊಳ್ಳುವುದು ಜಾಣತನ. ಬೇಕಾದಾಗ ಉದ್ದದ ಹಗ್ಗವನ್ನು ಅದಕ್ಕೆ ಜೋಡಿಸಿದರಾಯಿತು.

ಹಗ್ಗ ಚುಕ್ಕಾಣಿಯವನ ಬಳಿಗೇ ಏಕೆ ಮರಳಬೇಕು? ಹಾಯಿ ತಪ್ಪು ಮಗ್ಗುಲಲ್ಲಿ ಗಾಳಿ ತುಂಬಿ ನಿಂತುಬಿಟ್ಟರೆ ದೋಣಿ ಮೊದಲಿನ ದಿಕ್ಕಿಗೆ ತಿರುಗಬೇಕು. ಆಗದಿದ್ದರೆ ಹಗ್ಗವನ್ನು ವಿಂಚ್ ಮೇಲೆ ನಿಧಾನವಾಗಿ ಸಡಿಲಿಸಬೇಕು. ಆ ಹೊತ್ತಿನಲ್ಲಿ ಬಿಚ್ಚಲು ಯಾರೂ ಮುಂದಕ್ಕೆ ಓಡುವಂತಿರಬಾರದು.

ಮೂಗುದಾರ ಇದೆಯೆಂದು ಎತ್ತಿನ ಮೇಲಿನ ಗಮನ ಬಿಡುತ್ತೇವೆಯೇ? ನೇರ ಬೆನ್ನುಗಾಳಿಗಿಂತ ಸ್ವಲ್ಪ ಓರೆಯಾಗಿ ಸಾಗುವುದೇ ಕ್ಷೇಮ. ಮುಂದಿನ ಹಾಯಿ ಬಸವಳಿದು ಜೋತುಬಿದ್ದರೆ ಅದೇ ಮುನ್ಸೂಚನೆ, ಕೂಡಲೇ ಚುಕ್ಕಾಣಿ ತಿದ್ದಬೇಕು.

ಮುಂದಿನ ಬೇಸಿಗೆಯಲ್ಲಿ ಯಾರಾದರೂ ಕರೆದರೆ ಖಂಡಿತ ಹೋಗಿಬನ್ನಿ. ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿ, ಬೂಮ್ ಬೀಸುವ ದಾರಿ ಯಾವುದೆಂದು ಮೊದಲೇ ತೋರಿಸಿ, ಅಲ್ಲಿ ತಲೆ ತಗ್ಗಿಸಿ ಕೂರಲು ಹೇಳಿ. ದೋಣಿಯ ಯಜಮಾನರನ್ನು "ಪ್ರಿವೆಂಟರ್ ಎಲ್ಲಿದೆ?" ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ನಾವಿಕರು ಆ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವುದಿಲ್ಲ.